ಅತ್ತೆಯ ತೂಫಾನು

ತೂಫಾನ್ ಎಂದರೆ ನಮ್ಮ ಕಡೆ ಬೇಸಿಗೆಯ ಮಧ್ಯಾಹ್ನ ಏಕಾಏಕಿ ಏಳುವ ಧೂಳುಗಾಳಿ, ಅದರ ಹಿಂದೆಯೇ ನಾಲ್ಕು ಹನಿ ಮಳೆ. ಇಷ್ಟೇ ಅರ್ಥ ಎಂದುಕೊಂಡಿದ್ದೆ. ಆ ಒಂದು ಬೇಸಿಗೆಯಲ್ಲಿ ಸಿಕ್ಕಸಿಕ್ಕವರೆಲ್ಲ ನನಗೆ ಬೇರೆ ಬೇರೆ ಅರ್ಥ ಕಲಿಸಿದರು.

ಸಾಹೇಬರ ಪ್ರಶ್ನೆ

ಉರ್ದು ಶಾಲೆಗಳು ಕನ್ನಡಕ್ಕೆ ತಿರುಗಿದ ಹೊಸತು. ನಾನು ಭಂಕೂರಿನಲ್ಲಿ ಮಾಸ್ತರ. ತಪಾಸಣೆಗೆ ಬಂದ ಸಾಹೇಬರು ತೂಫಾನ್ ಎಂದರೇನು ಎಂದು ಮಕ್ಕಳನ್ನು ಕೇಳಿದರು. ಒಬ್ಬ ಉದುರಿದ ಮಾವಿನಕಾಯಿ ಎಂದ. ಇನ್ನೊಬ್ಬ ಹಾರಿಹೋದ ತಗಡು ಎಂದ. ಕಲ್ಲಿನ ಖಣಿಯಲ್ಲಿ ದುಡಿಯುವವನ ಮಗಳು ಎದ್ದು, "ಅಪ್ಪ ಲಗೂನ ಮನಿಗಿ ಬರ್ತಾನ್ರಿ" ಎಂದಳು. ಗಾಳಿ ಎದ್ದರೆ ಅಲ್ಲಿ ಕೆಲಸ ಬಂದ್.

ಸರಿಯಾದ ಉತ್ತರ ನೀವೇ ಹೇಳಿ ಎಂದು ಸಾಹೇಬರು ನನ್ನ ಕಡೆ ತಿರುಗಿದರು. ನನ್ನ ಹೆಂಡತಿ ಬಾಣಂತನಕ್ಕೆಂದು ಚಿಂಚೋಳಿ ಕಡೆಯ ಚಿಮ್ಮನಚೋಡದ ತವರಿಗೆ ಹೋಗಿ ಎಂಟು ತಿಂಗಳಾಗಿತ್ತು. ತಲೆಯಲ್ಲಿ ಇದ್ದದ್ದು ಅದೊಂದೇ. "ಚಿಂಚೋಳಿ ಮೋಟರ್ ಬಂದ್ ಆಗ್ತದ್ರಿ" ಎಂದುಬಿಟ್ಟೆ. ಮಾಸ್ತರರಿಗಿಂತ ಹುಡುಗಿಯೇ ವಾಸಿ ಎಂದು ಸಾಹೇಬರು ನಕ್ಕು ಹೋದರು.

ಉಂಡು ಹೋಗಿರಿ

ಶಾಲೆಗೆ ಸೂಟಿ ಬಿಟ್ಟದ್ದೇ ತಡ, ಹೆಂಡತಿಯನ್ನೂ ಕೂಸನ್ನೂ ಕರೆತರಲು ಓಡಿದೆ. ಖಾಲಿ ಮನೆಯಲ್ಲಿ ಒಬ್ಬನೇ ರೊಟ್ಟಿ ಸುಟ್ಟುಕೊಂಡು ಸಾಕಾಗಿತ್ತು. ಕೂಸಿನ ಅಳುವಾದರೂ ಕೇಳಲಿ ಅನ್ನಿಸುತ್ತಿತ್ತು.

ಉಂಡೇ ಹೋಗಬೇಕು ಎಂದರು ಅತ್ತೆ. ಹೋಳಿಗೆ ಒಂದೊಂದಾಗಿ ಬೆಂದವು. ತುಪ್ಪ ನಿಧಾನಕ್ಕೆ ಕಾಯಿತು. ಕೈ ತೊಳೆಯುವುದರೊಳಗೆ ಗಾಳಿ ಎದ್ದಿತು. ಸಣ್ಣ ಕೂಸು, ಇಂಥಾದ್ದರಲ್ಲಿ ಹೇಗೆ ಕಳಿಸಲಿ ಎಂದರು. ಮರುದಿನ ಎಣ್ಣೆಗಾಯಿ ಬದನೆ, ಮತ್ತೆ ಗಾಳಿ. ನಾಲ್ಕು ದಿನದಲ್ಲಿ ನನ್ನ ಅಂಗಿ ಬಿಗಿಯಾಯಿತು, ಗಾಡಿ ಮಾತ್ರ ಹೂಡಲಿಲ್ಲ. ಅವ್ವ ಗಾಳಿ ಏಳುವ ಹೊತ್ತು ನೋಡಿಕೊಂಡೇ ಒಲೆ ಹಚ್ಚುತ್ತಾಳೆ ಎಂದು ಹೆಂಡತಿ ಗುಟ್ಟಾಗಿ ಹೇಳಿದಳು.

ಐದನೆಯ ದಿನ

ಬೆಳಗಾಗುತ್ತಲೇ ಗಾಡಿ ಹೂಡಿಸಿದೆ. ಊಟ ಬೇಡ, ಚಹಾ ಸಾಕು ಎಂದೆ. ಅತ್ತೆ ಕೂಸನ್ನು ಎತ್ತಿಕೊಂಡು ಅಂಗಳಕ್ಕೆ ಬಂದು ಆಕಾಶ ನೋಡಿದರು. ತೊಳೆದಿಟ್ಟ ಗಂಗಾಳದಂತೆ ಸ್ವಚ್ಛವಾಗಿತ್ತು. ಒಂದು ಎಲೆಯೂ ಅಲುಗುತ್ತಿರಲಿಲ್ಲ.

"ತೂಫಾನ್ ಬರ್ಲಿಕತ್ತದ" ಎಂದರು. ಗಲ್ಲದ ಮೇಲೆ ಕಣ್ಣೀರು ಇಳಿಯುತ್ತಿತ್ತು.

ಮಾವ ಎತ್ತುಗಳನ್ನು ನೊಗದಿಂದ ಬಿಚ್ಚಿದರು. ಹೆಂಡತಿ ನನ್ನ ಮುಖ ನೋಡಿದಳು. ಖಾಲಿ ಮನೆ ಹೇಗಿರುತ್ತದೆಂದು ಎಂಟು ತಿಂಗಳು ಉಂಡವನು ನಾನು. ಕಣ್ಣಿಗೆ ಕೈ ಅಡ್ಡ ಹಿಡಿದು, ಸುಡುವ ಬಿಸಿಲನ್ನು ನೋಡಿ, ಚಪ್ಪಲಿ ಬಿಟ್ಟೆ.

"ಹೌದ್ರಿ ಅತ್ತಿ, ಭಾಳ ದೊಡ್ಡದು ಬರ್ಲಿಕತ್ತದ. ಮಧ್ಯಾಹ್ನಕ್ಕ ಅಡಗಿ ಏನ್ ಮಾಡ್ತೀರಿ?"