ಮಿಡತೆಗೆ ಮೊದಲ ಸ್ಥಾನ

ಪಟ್ಟಿಯಪ್ಪನ ಕಷ್ಟ ಶುರುವಾದದ್ದು ಬೆಳಗಿನ ಕಾಫಿಯಿಂದ. ಕಾಫಿ ಬರಲಿಲ್ಲ, ಬರೀ ಲೋಟ ಬಂತು.

"ಕಾಫಿ ಎಲ್ಲೇ?"

"ನನ್ನ ತಮ್ಮನ್ನ ಎಷ್ಟನೇ ಸ್ಥಾನಕ್ಕೆ ಹಾಕಿದೀರಿ?" ಎಂದಳು ಹೆಂಡತಿ.

"ಹತ್ತು."

"ಹಾಗಾದ್ರೆ ಕಾಫಿನೂ ಹತ್ತನೇ ಸರದಿಗೆ ಬರುತ್ತೆ. ಕಾಯ್ತಾ ಇರಿ."

ಪಟ್ಟಿಯಪ್ಪ ಎನ್ನುವುದು ಅವನ ಕೆಲಸದಿಂದ ಬಂದ ಹೆಸರು. ಕ್ರೀಡಾಂಗಣದೊಳಗೆ ಲಾರಿಗಟ್ಟಲೆ ಮಣ್ಣು ಸುರಿದು, ದಿಬ್ಬ ಕಟ್ಟಿ, ಅದರ ಮೇಲೆ ಮೋಟಾರ್ ಬೈಕ್ ಹಾರಿಸುತ್ತಾರಲ್ಲ, ಸೂಪರ್‌ಕ್ರಾಸ್ ಅಂತ, ಅದರ ಸವಾರರಿಗೆ ಸ್ಥಾನ ಕೊಡುವವನು ಇವನು. ಪ್ರತಿಯೊಬ್ಬನ ಹಿಂದಿನ ಐದು ಪಂದ್ಯಗಳನ್ನು ಕೂಡಿಸಿ, ಯಾರು ಮೇಲೆ, ಯಾರು ಕೆಳಗೆ ಎಂದು ಪಂದ್ಯದ ದಿನ ಬೋರ್ಡಿಗೆ ಏರಿಸುತ್ತಿದ್ದ. ಅವನಿಗೆ ಬೈಕ್ ಹತ್ತಲು ಬರುತ್ತಿರಲಿಲ್ಲ, ಸೈಕಲ್ ಕೂಡ ಅಷ್ಟಕ್ಕಷ್ಟೇ. ಆದರೆ ಅವನ ಪಟ್ಟಿ ಮಾತ್ರ ಗೋಡೆಗೆ ಹೊಡೆದ ಮೊಳೆಯ ಹಾಗೆ, ಯಾರು ಎಳೆದರೂ ಅಲ್ಲಾಡದು.

ಆ ದಿನ ಎಳೆಯುವವರು ಜೋರಾಗಿದ್ದರು. ಹೆಂಡತಿಯ ತಮ್ಮನೂ ಸವಾರನೇ. ಹಾರುವ ಚಂದಕ್ಕೆ ಎಲ್ಲರೂ ಅವನನ್ನು ಮಿಡತೆ ಎನ್ನುತ್ತಿದ್ದರು. ಹೋದ ವರ್ಷ ಬಿದ್ದು ಹೆಗಲ ಮೂಳೆ ಮುರಿಯಿತು. ಮೂಳೆ ಕೂಡಿತು, ಓಟ ಕೂಡಲಿಲ್ಲ. ಈಗ ಪಂದ್ಯ ನಡೆಸುವ ಯಜಮಾನರು ಹೇಳಿಬಿಟ್ಟಿದ್ದರು: ಇವತ್ತಿನ ಪಟ್ಟಿಯ ಮೊದಲ ಆರು ಮಂದಿಗೆ ಮುಂದಿನ ವರ್ಷವೂ ಬೈಕು, ಕರಾರು. ಉಳಿದವರು ಮನೆಗೆ.

"ಅಮ್ಮ ಹೋದ ಮೇಲೆ ತುತ್ತು ಮಾಡಿ ತಿನ್ನಿಸಿದ್ದು ನಾನು," ಹೆಂಡತಿ ಕಣ್ಣೊರೆಸಿಕೊಂಡಳು. "ಬೈಕು ಕಿತ್ಕೊಂಡ್ರೆ ಅವನು ಉಳೀತಾನೇನ್ರೀ? ತಿಂಗಳಾಯ್ತು, ಈ ಕಡೆ ಮುಖಾನೇ ಹಾಕಿಲ್ಲ. ಎಷ್ಟು ನೊಂದಿದಾನೋ."

ಪಟ್ಟಿಯಪ್ಪ ಖಾಲಿ ಲೋಟ ಕೆಳಗಿಟ್ಟು ಮೆಟ್ಟಿಲಿಳಿದ. ಕೆಳಗೆ ದರ್ಜಿಯ ಅಂಗಡಿ. ಮೇಲಿನ ಮನೆಯ ಜಗಳ ಕೇಳಿಸಲಿ ಎಂದೇ ಅವನು ಮೆಷಿನ್ನು ನಿಲ್ಲಿಸಿಕೊಂಡು ಕೂತಿದ್ದ.

"ಅಣ್ಣ, ಐದು ಪಂದ್ಯ ಯಾಕೆ ಹಿಡೀತೀರಿ?" ಎಂದ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ. "ನಿಮ್ಮ ಬೋರ್ಡಲ್ಲಿ 'ಇತ್ತೀಚಿನ ಸಾಧನೆ' ಅಂತ ತಾನೇ ಇರೋದು? ಇತ್ತೀಚಿನದು ಅಂದ್ರೆ ಇತ್ತೀಚಿನದು. ಹೋದ ಹಬ್ಬದ ಅಂಗಿ ನೋಡಿ ಯಾರಾದ್ರೂ ನನಗೆ ಬಟ್ಟೆ ಕೊಡ್ತಾರಾ? ನಿನ್ನೆ ಹೊಲಿದಿದ್ದು ನೋಡ್ತಾರೆ."

"ಅದು ಮೋಸ ಆಗಲ್ವೇನೋ?"

"ಮೋಸ ಅಲ್ಲ ಅಣ್ಣ, ದೊಗಲೆ ಅಂಗಿಗೆ ಹೊಲಿಗೆ ಹಾಕಿ ಸ್ವಲ್ಪ ಹಿಡಿಸೋ ಹಾಗೆ. ಬಟ್ಟೆ ಅದೇ."

ಆಫೀಸಿನಲ್ಲಿ ಪಟ್ಟಿಯಪ್ಪ ಸುಮ್ಮನೆ ನೋಡೋಣ ಅಂತ ಲೆಕ್ಕ ಹಿಡಿಸಿದ. ನಾಲ್ಕು ಪಂದ್ಯ ಹಿಡಿದರೆ ಮಿಡತೆ ಒಂಬತ್ತನೆಯವನು. ಮೂರಕ್ಕೆ ಎಂಟು. ಎರಡಕ್ಕೆ ಏಳು. ಇನ್ನೊಂದೇ ಮೆಟ್ಟಿಲು! ಬೆವರೊರೆಸಿಕೊಂಡು ಒಂದೇ ಪಂದ್ಯ ಹಿಡಿದ. ಮಿಡತೆ ಆರಕ್ಕೆ ನಿಲ್ಲಲಿಲ್ಲ, ನೇರವಾಗಿ ಒಂದಕ್ಕೆ ಹಾರಿ ಕೂತ.

ಕಾರಣವಿತ್ತು. ಹೋದ ವಾರದ ಪಂದ್ಯದ ಮೊದಲ ತಿರುವಿನಲ್ಲೇ ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದು ರಾಶಿಯಾಗಿದ್ದರು. ಎಲ್ಲರಿಗಿಂತ ಹಿಂದಿದ್ದ ಮಿಡತೆ, ಮದುವೆಮನೆಯಲ್ಲಿ ಚಪ್ಪಲಿ ರಾಶಿ ದಾಟುವವನ ಹಾಗೆ ಮೆಲ್ಲಗೆ ಪಕ್ಕಕ್ಕೆ ಸುತ್ತಿ ಗೆದ್ದುಬಿಟ್ಟಿದ್ದ.

ಏಳು ಅಂದರೆ ಮನೆಗೆ. ಒಂದು ಅಂದರೆ ಸುಳ್ಳು. ಪಟ್ಟಿಯಪ್ಪ ಸೀಮೆಸುಣ್ಣ ಎರಡು ಸಲ ಎತ್ತಿ ಕೆಳಗಿಟ್ಟ. ಕೊನೆಗೆ ಬೋರ್ಡಿನ ಮೇಲ್ತುದಿಯಲ್ಲಿ, ಮೊದಲ ಸ್ಥಾನಕ್ಕೆ, ಭಾಮೈದನ ಹೆಸರು ಬರೆದ. ಜೀವನದಲ್ಲಿ ಮೊದಲ ಸಲ ಅವನ ಅಕ್ಷರ ಸೊಟ್ಟಗಾಯಿತು.

ಮಧ್ಯಾಹ್ನದ ಹೊತ್ತಿಗೆ ಐದು ಪಂದ್ಯದ ಲೆಕ್ಕದಲ್ಲಿ ಆರನೆಯವನಾಗಬೇಕಿದ್ದ ಸವಾರ ಚೀಲ ಹೆಗಲಿಗೇರಿಸಿ ಗೇಟಿನ ಕಡೆ ನಡೆದ. ಪಟ್ಟಿಯಪ್ಪನ ಕಿಟಕಿಯ ಹತ್ತಿರ ನಿಂತು, "ಬರ್ತೀನಿ ಸಾರ್. ನೀವು ಹಾಕಿದ್ದು ಅಂದ್ಮೇಲೆ ಸರಿಯಾಗೇ ಇರುತ್ತೆ," ಎಂದ. ಪಟ್ಟಿಯಪ್ಪ ಬಿಚ್ಚಿದ್ದ ಊಟದ ಡಬ್ಬಿಯನ್ನು ಹಾಗೇ ಮುಚ್ಚಿದ. ಮಿಡತೆಯ ಮುಖದಲ್ಲಿ ಒಂದು ನಗು ನೋಡಿದರಾದರೂ ಸಮಾಧಾನವಾದೀತೆಂದು ಸವಾರರ ಕೋಣೆಗೆ ಹೋದ.

ಮಿಡತೆ ಹೆಲ್ಮೆಟ್ಟನ್ನು ಮಡಿಲಲ್ಲಿಟ್ಟುಕೊಂಡು, ಅದರೊಳಗೆ ಏನೋ ಕಳೆದುಕೊಂಡವನ ಹಾಗೆ ನೋಡುತ್ತಿದ್ದ.

"ಏನೋ, ಖುಷಿ ಇಲ್ವೇನೋ?"

"ಭಾವ," ಅವನು ತಲೆ ಎತ್ತಲಿಲ್ಲ. "ದಿಬ್ಬದ ತುದಿ ಕಂಡ್ರೆ ಈಗ ಕೈ ನಡುಗುತ್ತೆ. ಬಿಟ್ಟುಬಿಡ್ತೀನಿ ಅಂತ ನಾನಾಗೇ ಹೇಳಿದ್ರೆ ಅಕ್ಕ ಎದೆ ಒಡ್ಕೋತಾಳೆ. ಎಲ್ಲರೂ ಹೇಡಿ ಅಂತಾರೆ. ಯಜಮಾನರೇ ತೆಗೆದ್ರೆ ಯಾರ ಮಾತೂ ಇರಲ್ಲ ಅಂತ ವರ್ಕ್‌ಶಾಪಲ್ಲಿ ಕೆಲಸಾನೂ ಕೇಳಿಟ್ಟಿದ್ದೆ. ನಮ್ಮ ಭಾವನ ಪಟ್ಟಿ ಯಾರ ಮುಲಾಜಿಗೂ ಬಗ್ಗಲ್ಲ ಅಂತ ನಿಶ್ಚಿಂತೆಯಾಗಿದ್ದೆ."

"ಕರಾರಿಗೆ ಒಪ್ಪಿಕೋಬೇಡ ಹಾಗಾದ್ರೆ!"

"ಬೇಡ ಅನ್ನೋಷ್ಟರಲ್ಲಿ ಯಜಮಾನರು ಬೆನ್ನು ತಟ್ಟಿ, ಪೆನ್ನು ಕೊಟ್ಟು ಸಹಿ ಹಾಕಿಸ್ಕೊಂಡ್ರು. ಒಂದಲ್ಲ, ಎರಡು ವರ್ಷಕ್ಕೆ."

ಪಟ್ಟಿಯಪ್ಪ ಯಜಮಾನರ ಕೋಣೆಗೆ ಓಡಿದ. ಬಾಗಿಲಲ್ಲೇ, "ಸಾರ್, ನಾನು ಮೋಸ ಮಾಡಿದೆ. ಅವನು ಹತ್ತನೆಯವನು. ಕರಾರು ಹರಿದುಹಾಕಿ!" ಎಂದ.

ಯಜಮಾನರು ಅವನನ್ನು ಮೇಲಿಂದ ಕೆಳಗೆ ನೋಡಿದರು.

"ಏನ್ರೀ, ಭಾಮೈದ ಮೇಲೆ ಬಂದ್ರೆ ಇಷ್ಟೊಂದು ಹೊಟ್ಟೆಕಿಚ್ಚಾ?"

"ಅಯ್ಯೋ, ಸತ್ಯ ಸಾರ್! ಒಂದೇ ಪಂದ್ಯ ಹಿಡಿದು..."

"ನಿಮ್ಮ ಲೆಕ್ಕ ಯಾವತ್ತಾದ್ರೂ ತಪ್ಪಿದೆಯೇನ್ರೀ? ತಪ್ಪಿದೆ ಅಂತ ಯಾರು ಹೇಳಿದ್ರೂ ನಾನು ನಂಬಲ್ಲ. ನೀವೇ ಹೇಳಿದ್ರೂ ಅಷ್ಟೇ. ಮನೇಲಿ ಏನು ಜಗಳವೋ, ಮನೇಲೇ ಇಟ್ಕೊಳ್ಳಿ."

ಸಂಜೆ ದೀಪಗಳು ಹತ್ತಿದವು. ಕ್ರೀಡಾಂಗಣ ಜೇನುಗೂಡಿನ ಹಾಗೆ ಗುಂಯ್ಗುಟ್ಟಿತು. ಹೆಂಡತಿ ಫ್ಲಾಸ್ಕ್ ತುಂಬ ಕಾಫಿ ತಂದು ಪಕ್ಕದಲ್ಲಿ ಕೂತು, ಬೇಡವೆಂದರೂ ಬಗ್ಗಿಸಿ ಬಗ್ಗಿಸಿ ಕೊಟ್ಟಳು. ಕೆಳಗೆ, ಮೊದಲ ಸ್ಥಾನದವನಿಗೆಂದೇ ಬಿಟ್ಟ ಜಾಗದಲ್ಲಿ, ಮಿಡತೆ ಬೈಕಿನ ಮೇಲೆ ಕೂತಿದ್ದ. ಮುಂದೆ ಮನೆಯೆತ್ತರದ ಮಣ್ಣಿನ ದಿಬ್ಬ. ಅವನು ಒಮ್ಮೆ ತಿರುಗಿ, ಜನರ ನಡುವೆ ಹುಡುಕಿ, ಪಟ್ಟಿಯಪ್ಪನನ್ನೇ ದಿಟ್ಟಿಸಿದ. ಕಣ್ಣು ಕೀಳಲಿಲ್ಲ.

"ನೋಡ್ರೀ, ನೋಡ್ರೀ!" ಹೆಂಡತಿ ಅವನ ತೋಳು ಅಲ್ಲಾಡಿಸಿದಳು. "ನನ್ನನ್ನ ಬಿಟ್ಟು ನಿಮ್ಮನ್ನೇ ನೋಡ್ತಿದಾನೆ. ಭಾವ ಅಂದ್ರೆ ಎಷ್ಟು ಪ್ರಾಣ ಅವನಿಗೆ! ಕೈ ಬೀಸ್ರೀ!"

ಪಟ್ಟಿಯಪ್ಪ ಕೈ ಬೀಸಿದ.