ಬಜಾರಪ್ಪನವರು ತೀರಿಕೊಂಡ ಗುರುವಾರ

ಜಂಬುನಾಥ ಆ ಗುರುವಾರ ಬೆಳಿಗ್ಗೆ ಮಾಡಿದ್ದು ಇಷ್ಟೇ. 'ಖಾಲಿ ಇದ್ದರೆ' ಎಂದು ಇರಬೇಕಾದ ಕಡೆ 'ಖಾಲಿ ಇಲ್ಲದಿದ್ದರೆ' ಎಂದು ಬರೆದು, ಚಹಾ ಕುಡಿಯಲು ಕೆಳಗಿಳಿದ. ಅವನು ಕುಡಿದ ಗ್ಲಾಸು ಕೆಳಗಿಡುವಷ್ಟರಲ್ಲಿ ಕೋಸಗಿಯ ಬಜಾರಪ್ಪನವರೂ ಅವರ ಬಳಗದಲ್ಲಿ ಬದುಕಿದ್ದವರೆಲ್ಲರೂ ಸತ್ತಿದ್ದರು.

ಆದೋನಿಯ ಹತ್ತಿ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ, ದಸ್ತಗಿರಿಯ ಟೈಲರ್ ಅಂಗಡಿಯ ಮೇಲೆ ಜಂಬುನಾಥನ ಕೋಣೆ. ಊರಿನ ಶಾಲೆ, ಲಾಡ್ಜು, ಮಿಲ್ಲುಗಳಿಗೆ ವೆಬ್‌ಸೈಟು ಕಟ್ಟಿಕೊಡುವುದು, ಕಟ್ಟಿದ್ದನ್ನು ಕೆಡದಂತೆ ನೋಡಿಕೊಳ್ಳುವುದು ಅವನ ಕಸುಬು. ಎಲ್ಲಕ್ಕಿಂತ ದೊಡ್ಡ ಕೆಲಸ ಬಜಾರಪ್ಪನವರ ಬಳಗದ ಸೈಟು. ಅದು ಸೆಮ್ಯಾಂಟಿಕ್ ವಿಕಿ. ಎಲ್ಲೋ ಒಂದು ಪುಟದಲ್ಲಿ 'ಕೊಂಡಮ್ಮನ ಗಂಡ ಬಜಾರಪ್ಪ' ಎಂದು ಬರೆದರೆ ಸಾಕು, ಬಜಾರಪ್ಪನ ಪುಟದಲ್ಲಿ 'ಹೆಂಡತಿ ಕೊಂಡಮ್ಮ' ಎಂದು ತಾನೇ ಮೂಡುತ್ತದೆ. ಯಾರು ಯಾರಿಗೆ ಅತ್ತೆ, ಯಾರು ಯಾರಿಗೆ ಸೋದರಮಾವ ಎಂಬುದನ್ನೆಲ್ಲ ಅದೇ ಕೂಡಿಸಿ ಹೇಳುತ್ತದೆ. ಮದುವೆ ಮನೆಯ ಮೂಲೆಯಲ್ಲಿ ಕೂತು ಎಲ್ಲರ ಸಂಬಂಧ ಬಿಡಿಸುವ ಮುದುಕಿಯಂಥ ಸೈಟು ಅದು.

ಬದುಕಿರುವವರ ಪುಟದಲ್ಲೂ 'ಮರಣ: ಗೊತ್ತಿಲ್ಲ' ಎಂದು ತೋರಿಸುತ್ತಿತ್ತು. ಅಪಶಕುನದ ಹಾಗೆ ಕಾಣುತ್ತದೆಂದು ಅದನ್ನು ತೆಗೆಯಹೋಗಿ ಜಂಬುನಾಥ ಷರತ್ತನ್ನೇ ತಿರುಗಾಮುರುಗಾ ಮಾಡಿದ್ದ. ಮರಣದ ತಾರೀಖು ಇಲ್ಲದವರೆಲ್ಲ ಸ್ವರ್ಗಸ್ಥರಾದರು. ತಾರೀಖು ಇದ್ದವರೆಲ್ಲ ಎದ್ದು ಕೂತರು. ಪ್ಲೇಗಿನ ಕಾಲದಲ್ಲಿ ಸತ್ತ ಮುತ್ತಜ್ಜನ ಪುಟದಲ್ಲಿ 'ಹಾಲಿ ವಾಸ: ಕೋಸಗಿ' ಎಂದು ಬಂತು. ಮುಖಪುಟದಲ್ಲಿದ್ದ ಬಜಾರಪ್ಪನವರ ದೊಡ್ಡ ಫೋಟೋಗೆ ಹಾರ ಬಿದ್ದು, ಮುಂದೆ ದೀಪ ಉರಿಯತೊಡಗಿತು. ಬಳಗದ ಹಿರಿಯರಾದ ಬಜಾರಪ್ಪನವರ ಸುದ್ದಿ ಏನಾದರೂ ಬದಲಾದರೆ ಎಲ್ಲರ ಫೋನಿಗೂ ಸಂದೇಶ ಹೋಗುವ ಏರ್ಪಾಡನ್ನು ಜಂಬುನಾಥನೇ ಹೆಮ್ಮೆಯಿಂದ ಮಾಡಿಟ್ಟಿದ್ದ. ಅದೂ ತನ್ನ ಕೆಲಸ ತಪ್ಪದೆ ಮಾಡಿತ್ತು.

ಇದನ್ನು ಅವನಿಗೆ ಹೇಳಿದವನು ಎದುರು ಕೋಣೆಯ ಚಂದ್ರಮೋಹನ್. ಅವನದೂ ಇದೇ ಕಸುಬು. ಜಂಬುನಾಥನ ಗಿರಾಕಿಗಳ ಮೇಲೆ ಅವನ ಕಣ್ಣು, ಮೀನಿನ ಬುಟ್ಟಿಯ ಮೇಲೆ ಬೆಕ್ಕಿನ ಕಣ್ಣಿದ್ದ ಹಾಗೆ.

"ಏನಪಾ ಜಂಬಣ್ಣ, ಬಜಾರಪ್ಪನ್ನ ಕೊಂದಿಯಂತಲ್ಲ" ಎಂದ ಚಂದ್ರಮೋಹನ್, ಫೋನು ಮುಂದೆ ಹಿಡಿದು.

ಜಂಬುನಾಥ ಫೋನು ಕಿತ್ತುಕೊಂಡು ನೋಡಿದ. ಬಜಾರಪ್ಪನವರೆಂದರೆ ಆದೋನಿ ಸುತ್ತಿನ ಹಳ್ಳಿಗಳಲ್ಲಿ ಈಗಲೂ ಜನ ದನಿ ತಗ್ಗಿಸಿ ಹೇಳುವ ಹೆಸರು. ಪ್ರಾಯದಲ್ಲಿ ಏನೇನು ಮಾಡಿದ್ದರೋ, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳದೆ ಇದ್ದದ್ದರಿಂದಲೇ ಹೆದರಿಕೆ ಹೆಚ್ಚು. ಹಿಂದೊಮ್ಮೆ ಅವರ ಮನೆಯ ಮದುವೆ ಪತ್ರಿಕೆಯಲ್ಲಿ 'ಶ್ರೀ' ಬಿಟ್ಟು ಅಚ್ಚುಹಾಕಿದ ಪ್ರೆಸ್ಸಿನವನು ಗುಂತಕಲ್ಲಿಗೆ ಹೋದವನು ಇನ್ನೂ ಆದೋನಿ ಕಡೆ ತಲೆಹಾಕಿಲ್ಲ. ಅದು ಬರೀ ಒಂದು ಅಕ್ಷರಕ್ಕೆ. ಇಲ್ಲಿ ಹೋಗಿದ್ದು ಜೀವ.

ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋಗಿ ತಪ್ಪನ್ನು ತಿದ್ದಿದ. ತಿದ್ದುವುದು ಸುಲಭವೇ. ಆದರೆ ಆ ಸೈಟಿಗೆ ಒಂದು ದರಿದ್ರ ಗುಣವಿತ್ತು. ಮೂಲದಲ್ಲಿ ತಿದ್ದಿದ್ದು ಎಲ್ಲ ಪುಟಕ್ಕೂ ಒಮ್ಮೆಲೇ ತಲುಪುವುದಿಲ್ಲ. ಒಂದೊಂದೇ ಪುಟವನ್ನು ಅಕಾರಾದಿಯಾಗಿ, ಸರ್ಕಾರಿ ಗುಮಾಸ್ತನ ಹಾಗೆ, ನಿಧಾನವಾಗಿ ಹೊಸದು ಮಾಡುತ್ತ ಹೋಗುತ್ತದೆ. ಮೊದಲು ಅಮೂಲ್ಯ ಎಂಬ ಹುಡುಗಿಗೆ ಜೀವ ಬಂತು. ಆಮೇಲೆ 'ಆ' ಅಕ್ಷರದ ಒಬ್ಬ ಮುದುಕ ಎದ್ದ. 'ಬ' ಇನ್ನೂ ಎಲ್ಲೋ ದೂರದಲ್ಲಿತ್ತು.

ಹೋದ ಸಂದೇಶವನ್ನು ಅಳಿಸುವಂತಿರಲಿಲ್ಲ. ಬಜಾರಪ್ಪನವರ ಮಗಳು ಸುಹಾಸಿನಿ ಬಳ್ಳಾರಿಯಲ್ಲಿದ್ದಳು. ಬಳಗದ ವಾಟ್ಸಾಪ್ ಗುಂಪನ್ನು ನಡೆಸುವವಳು ಅವಳೇ. ಜಂಬುನಾಥ ಅವಳಿಗೆ ಫೋನು ಮಾಡಿದ. ಅವಳು ಎತ್ತಿದಳು, ಆದರೆ ಬಸ್ಸಿನ ಸದ್ದು, ಅದರ ಮೇಲೆ ಅವಳ ಅಳು.

"ಅಕ್ಕಾರ, ಅಪ್ಪಾರು ಚೆಂದಾಗಿ ಅದಾರ್ರಿ" ಎಂದ ಇವನು.

"ಚೆಂದಾಗಿ ಇದ್ರಪಾ, ನಿನ್ನೆ ಸಂಜಿತನ ಚೆಂದಾಗಿ ಇದ್ರು" ಎಂದು ಅವಳು ಇನ್ನಷ್ಟು ಅತ್ತಳು. "ಅವ್ವ ಮಂತ್ರಾಲಯಕ್ಕ ಹೋಗ್ಯಾಳ, ಫೋನ್ ಎತ್ತವಲ್ಲಳು. ಒಬ್ಬರಽ ಇದ್ರು ಮನ್ಯಾಗ." ಲೈನು ಕಡಿದುಹೋಯಿತು.

ಬಜಾರಪ್ಪನವರಿಗೇ ಫೋನು ಮಾಡೋಣವೆಂದರೆ ಅವರು ಫೋನು ಇಟ್ಟುಕೊಳ್ಳುವ ಜಾತಿಯವರಲ್ಲ. ಬೇಕಾದವರು ಬಂದು ನಿಂತು ಮಾತಾಡಬೇಕು.

"ನಡಿ, ಹೋಗಿಬರೋಣು" ಎಂದ, ಗದ್ದಲ ಕೇಳಿ ಕೆಳಗಿನ ಅಂಗಡಿಯಿಂದ ಹತ್ತಿ ಬಂದ ದಸ್ತಗಿರಿ. ಆಗಲೇ ಕತ್ತರಿ ಕೆಳಗಿಟ್ಟು ಬೈಕಿನ ಕೀಲಿಕೈ ಹಿಡಿದಿದ್ದ. "ಮಂದಿ ಬಂದು ಅಳಾಕಿಂತ ಮೊದಲ ನಾವ ಹೋಗಿ ಕಾಲಿಗಿ ಬೀಳೋಣು. ದೊಡ್ಡ ಮನಿ. ನೀನೊಬ್ಬನ ಹೋದ್ರ ನಿನ್ನ ಸುದ್ದಿ ಹೇಳಾಕ ಒಬ್ಬರಾದ್ರೂ ಬೇಕಲ್ಲ."

ಆ ಸಮಾಧಾನ ಹೊತ್ತು ಜಂಬುನಾಥ ಬೈಕು ಹತ್ತಿದ.

ದಾರಿಯುದ್ದಕ್ಕೂ ಹಿಂದೆ ಕೂತವನು ಫೋನು ನೋಡುತ್ತಲೇ ಇದ್ದ. "ಎಲ್ಲಿಗಿ ಬಂತು?" ಎಂದು ದಸ್ತಗಿರಿ ಗಾಳಿಯಲ್ಲಿ ಕೂಗಿದ. "ಕೊಂಡಮ್ಮಗ ಜೀವ ಬಂತು" ಎಂದ ಜಂಬುನಾಥ. ಒಂದು ಹಳ್ಳಿ ದಾಟಿದ ಮೇಲೆ "'ದ'ಕ್ಕ ನಿಂತೈತಿ. ಸಿಗ್ನಲ್ ಇಲ್ಲ" ಎಂದ. ನಡುವೆ ಒಂದು ಸಲ ಸಿಗ್ನಲ್ ಬಂದಾಗ ಚಂದ್ರಮೋಹನನ ಫೋನೂ ಬಂತು. "ಬೇಕಾದ್ರ ಆ ಸೈಟು ನಾ ನೋಡ್ಕೊಂತೀನಿ ಬಿಡಣ್ಣ. ನೀನು ಸ್ವಲ್ಪ ದಿನ ಎಲ್ಲಿಗಾದ್ರೂ ಹೋಗಿರು" ಎಂದ ಅವನು, ಬಹಳ ಮರುಕದಿಂದ.

ಕೋಸಗಿ ಹತ್ತಿರ ಬಂದಾಗ ದಸ್ತಗಿರಿ ಹೂವಿನ ಅಂಗಡಿ ಮುಂದೆ ಗಾಡಿ ನಿಲ್ಲಿಸಿ ಒಂದು ದಪ್ಪ ಚೆಂಡುಹೂವಿನ ಹಾರ ತಂದ.

"ಯಾಕ ಇದು? ಅವರು ಸತ್ತಿಲ್ಲ" ಎಂದ ಜಂಬುನಾಥ.

"ಗೊತ್ತೈತಿ. ಆದ್ರ ಅಂಥವರ ಮನಿಗಿ ಖಾಲಿ ಕೈಲೆ ಹೋಗಬಾರ್ದು."

ಬಜಾರಪ್ಪನವರು ಮನೆಯ ಕಟ್ಟೆಯ ಮೇಲೆ ಮರದ ಕುರ್ಚಿ ಹಾಕಿಕೊಂಡು, ಬಿಳಿ ಪಂಚೆಯುಟ್ಟು, ಜರಿ ಶಾಲು ಹೊದ್ದು, ಗೋಡೆಗೆ ಆನಿಕೊಂಡು ಕೂತಿದ್ದರು. ಮೀಸೆ ಎರಡೂ ಕಡೆ ಕುಡುಗೋಲಿನಂತೆ ಬಾಗಿತ್ತು. ಇನ್ನೂ ಯಾರೂ ಬಂದಿರಲಿಲ್ಲ. ಅವರ ಕಣ್ಣು ಮೊದಲು ಹಾರದ ಮೇಲೆ ಬಿತ್ತು.

"ಏನೋ ಅದು?"

ಜಂಬುನಾಥ ದಸ್ತಗಿರಿಯ ಬೆನ್ನ ಹಿಂದೆ ಸರಿದ.

"ನಿಮಗ ತಂದೀವ್ರಿ" ಎಂದ ದಸ್ತಗಿರಿ. "ಸೈಟು ಭಾಳ ಹೆಸರು ಮಾಡೈತ್ರಿ ಇವತ್ತು. ಮಂದಿ ಎಲ್ಲಾ ಅದನ್ನ ನೋಡಾಕತ್ಯಾರ. ಅದಕ್ಕ ಸನ್ಮಾನ."

ಬಜಾರಪ್ಪನವರ ಮುಖ ಅರಳಿತು. ತಲೆ ಬಗ್ಗಿಸಿದರು. ಹಾರ ಹಾಕಿದ ಜಂಬುನಾಥನ ಕೈ ಅವರ ಕಿವಿಗೆ ತಗುಲಿದಾಗ ಅದು ಬೆಚ್ಚಗಿತ್ತು. ಅಷ್ಟೊಂದು ಬೆಚ್ಚಗಿರುವ ಕಿವಿಯನ್ನು ಸತ್ತಿದೆ ಎಂದು ಸಾರಿದ್ದಕ್ಕೆ ಅವನಿಗೆ ಒಳಗೊಳಗೇ ಅಳು ಬಂತು.

"ಕುಂದ್ರರಿ. ಜ್ವಾಳದ ರೊಟ್ಟಿ ಉಂಡು ಹೋಗುವಿರಂತ. ಆಕಿ ಮಂತ್ರಾಲಯದಿಂದ ಬರೋತನ ನಾನೊಂದು ಕಣ್ಣು ಮುಚ್ಚತೀನಿ" ಎಂದು ಅವರು ಹಾರ ತೆಗೆಯದೆ, ಗೋಡೆಗೆ ಒರಗಿ, ಕಣ್ಣು ಮುಚ್ಚಿದರು.

ಆ ಸೀಮೆಯಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕೂಡಿಸಿ, ಗೋಡೆಗೆ ಆನಿಸಿ, ಹಾರ ಹಾಕುತ್ತಾರೆ. ಇದು ಜಂಬುನಾಥನಿಗೆ ನೆನಪಾದದ್ದು ಬೀದಿಯ ಕೊನೆಯಲ್ಲಿ ಆಟೋ ನಿಂತು, ಅದರಿಂದ ಹೆಂಗಸರು ಎದೆ ಬಡಿದುಕೊಳ್ಳುತ್ತ ಇಳಿದಾಗ. ಅವರ ಹಿಂದೆ ಒಂದು ಟ್ರಾಕ್ಟರು, ಟ್ರಾಲಿಯ ತುಂಬ ತಲೆಗೆ ಟವೆಲು ಹಾಕಿಕೊಂಡ ಗಂಡಸರು.

"ತಡಿರಿ, ತಡಿರಿ" ಎಂದು ಜಂಬುನಾಥ ಗೇಟಿಗೆ ಅಡ್ಡ ನಿಂತ. "ಅವರು ಮಲಗ್ಯಾರ್ರಿ."

"ಹೌದಪಾ, ಮಲಗ್ಯಾರ" ಎಂದು ಒಬ್ಬ ಮುದುಕಿ ಅವನ ಕೆನ್ನೆ ಸವರಿದಳು. "ಇನ್ನ ಏಳಂಗಿಲ್ಲ ಅಷ್ಟ." ಅವನನ್ನು ಬಾಗಿಲ ಪರದೆಯಂತೆ ಪಕ್ಕಕ್ಕೆ ಸರಿಸಿ ಒಳನುಗ್ಗಿದರು.

ಅಳು ಎದ್ದಿತು. ಬಜಾರಪ್ಪನವರ ಒಂದು ಕಣ್ಣು ಸ್ವಲ್ಪ ತೆರೆದದ್ದನ್ನು ಕಂಡವನು ಜಂಬುನಾಥನೊಬ್ಬನೇ. ಆ ಕಣ್ಣು ಅಂಗಳದ ಜನವನ್ನು ನೋಡಿತು, ಹಾರವನ್ನು ನೋಡಿತು, ಕೊನೆಗೆ ಜಂಬುನಾಥನ ಮೇಲೆ ನಿಂತಿತು. ನಿಂತು, ಮತ್ತೆ ಮುಚ್ಚಿತು. ಜಂಬುನಾಥ ಗೇಟಿನ ಕಡೆ ತಿರುಗಿದ. ಓಡೋಣವೆಂದರೆ ಗೇಟಿನ ತುಂಬ ಜನ. ದಸ್ತಗಿರಿಯನ್ನು ಹುಡುಕಿದರೆ ಅವನು ಅಳುವವರ ಸಾಲಿನಲ್ಲಿ ಕೂತು ಮನಸಾರೆ ಅಳುತ್ತಿದ್ದ.

ಆಗ ಜನ ಇಬ್ಭಾಗವಾಗಿ ದಾರಿ ಬಿಟ್ಟಿತು. ಹಾಲಹರವಿಯಿಂದ ಮಾರೆಣ್ಣ ಬಂದಿದ್ದ. ಬಜಾರಪ್ಪನವರ ಒಡಹುಟ್ಟಿದ ತಮ್ಮ. ಅವನ ಮಗಳ ಮದುವೆ ಪತ್ರಿಕೆಯಲ್ಲಿ ಅಣ್ಣನ ಹೆಸರು ಬಿಟ್ಟುಹೋಗಿದ್ದಕ್ಕೆ ಇಬ್ಬರಿಗೂ ಮಾತು ನಿಂತು ವರ್ಷಗಳಾಗಿದ್ದವು. ಮಕ್ಕಳು ಮೊಮ್ಮಕ್ಕಳು ಎದುರಾದರೂ ಮುಖ ತಿರುಗಿಸುತ್ತಿದ್ದರು. ಮಾರೆಣ್ಣನ ಕಾಲಲ್ಲಿ ಚಪ್ಪಲಿ ಇರಲಿಲ್ಲ, ಅಂಗಿಯ ಗುಂಡಿ ಮೇಲೊಂದು ಕೆಳಗೊಂದು ಹಾಕಿತ್ತು. ನೆಟ್ಟಗೆ ಬಂದು ಅಣ್ಣನ ಎರಡೂ ಕಾಲು ತಬ್ಬಿಕೊಂಡು ಕುಸಿದ.

"ಅಣ್ಣಾ, ಹೆಸರು ಬಿಟ್ಟುಹೋಗಿದ್ದಲ್ಲ, ನಾನ ಬಿಡಿಸಿದ್ದು. ಸಿಟ್ಟಿತ್ತು ನನಗ. ನೀ ಬಂದು ಒಂದ್ಸಲ ಬೈದಿದ್ರ ಆಗ್ತಿತ್ತು, ನಾನಽ ಬಂದು ಕಾಲು ಹಿಡಕೊಂತಿದ್ದೆ. ನೀ ಬರ್ಲಿಲ್ಲ, ನಾ ಬರ್ಲಿಲ್ಲ. ಈಗ ಯಾರ ಕೂಡ ಜಗಳ ಆಡ್ಲಿ ನಾನು?"

ಬಜಾರಪ್ಪನವರ ಮುಚ್ಚಿದ ಕಣ್ಣಿನಿಂದ ನೀರು ಇಳಿದು ಮೀಸೆಯಲ್ಲಿ ಇಂಗಿತು. ಆಮೇಲೆ ಅವರ ಕೈ ಮೆಲ್ಲಗೆ ಎದ್ದು ತಮ್ಮನ ತಲೆಯ ಮೇಲೆ ಕೂತಿತು.

"ನನ್ನ ಕೂಡನ ಆಡು" ಎಂದರು.

ಹೆಂಗಸರು ಕಿರುಚಿ ಹಿಂದೆ ಸರಿದರು. ಇಬ್ಬರು ಗಂಡಸರು ಟ್ರಾಲಿಯ ತನಕ ಓಡಿದರು. ಮಾರೆಣ್ಣ ಮಾತ್ರ ಕಾಲು ಬಿಡಲಿಲ್ಲ. ಅಣ್ಣ ತಮ್ಮ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತದ್ದನ್ನು ನೋಡಿ, ಸತ್ತದ್ದಕ್ಕೆ ಅಳಲು ಬಂದವರೆಲ್ಲ ಬದುಕಿದ್ದಕ್ಕೆ ಅಳಬೇಕಾಯಿತು.

ಸ್ವಲ್ಪ ಹೊತ್ತಿಗೆ ಬಜಾರಪ್ಪನವರು ಎದ್ದು ನಿಂತರು. ಸೈಟು ಇನ್ನೂ 'ಬ' ಮುಟ್ಟಿರಲಿಲ್ಲ. ಯಾರೋ ತೋರಿಸಿದ ಫೋನಿನಲ್ಲಿ ತಮ್ಮದೇ ಫೋಟೋ, ಹಾರ, ದೀಪ ಎಲ್ಲ ನೋಡಿದರು. ಮುಖ ಕಲ್ಲಾಯಿತು.

"ಯಾರು ಮಾಡಿದ್ದು ಇದನ್ನ?"

ಹಳೆಯ ಕಾಲದ ದನಿ ಅದು. ಕಟ್ಟೆಯ ಮೇಲಿದ್ದ ಗುಬ್ಬಿ ಕೂಡ ಹಾರಿಹೋಯಿತು. ಆ ಕಣ್ಣು ತನ್ನ ಕಡೆ ತಿರುಗುತ್ತಿರುವಾಗ ಜಂಬುನಾಥನಿಗೆ ಗುಂತಕಲ್ಲಿನ ದಾರಿ ಕಾಣಿಸಿತು, ಹೆಂಡತಿ ಶ್ರಾವಣಿಯ ಮುಖ ಕಾಣಿಸಿತು. ಮೆದುಳು ಏನನ್ನೂ ಹೇಳುವ ಮೊದಲೇ ಬಾಯಿ ಹೇಳಿಬಿಟ್ಟಿತು.

"ಚಂದ್ರಮೋಹನ್ ರಿ. ನನ್ನ ಎದುರಿನ ಕೋಣಿಯವ. ನಾ ಚಹಾ ಕುಡಿಯಾಕ ಇಳಿದಿದ್ದೆ, ಅಷ್ಟೊತ್ತಿನ್ಯಾಗ ಅವ…"

"ಕಾರು ಕಳಿಸ್ರಿ. ಅವನ್ನ ಕರಕೊಂಡು ಬರ್ರಿ" ಎಂದರು ಬಜಾರಪ್ಪ. ದಸ್ತಗಿರಿ ಜಂಬುನಾಥನನ್ನು ನೋಡಿ ಕಣ್ಣೊರೆಸಿಕೊಂಡ.

ಕಾರು ಹೋಗಿ ಬರುವ ತನಕ ಜಂಬುನಾಥ ರೊಟ್ಟಿ ಮುಟ್ಟಲಿಲ್ಲ. ತನ್ನ ಕೊರಳು ಉಳಿಸಿಕೊಳ್ಳಲು ಇನ್ನೊಬ್ಬನ ಕೊರಳು ಒಡ್ಡಿದ ಹೆದರಿಕೆ ಮೊದಲಿನದಕ್ಕಿಂತ ಭಾರವಾಗಿತ್ತು. ಚಂದ್ರಮೋಹನ್ ಇಬ್ಬರು ಗಟ್ಟಿ ಆಳುಗಳ ನಡುವೆ, ತೊಳೆದ ಬಟ್ಟೆಯಷ್ಟು ಬಿಳಿಚಿಕೊಂಡು ಇಳಿದ. ನೇರ ಬಂದು ಕೈಮುಗಿದ.

ಬಜಾರಪ್ಪನವರು ತಮ್ಮ ಹೆಗಲ ಮೇಲಿನ ಜರಿ ಶಾಲು ತೆಗೆದು ಅವನಿಗೆ ಹೊದಿಸಿದರು.

"ನನ್ನ ತಮ್ಮನ್ನ ನನ್ನ ಮನಿಗಿ ಕರಕೊಂಡು ಬಂದವ ನೀನು. ಊರಿನ ಹಿರ್ಯಾರೆಲ್ಲಾ ಕೂತು ಆಗ್ಲಾರದ್ದನ್ನ ಮಾಡೀದಿ. ಇನ್ನ ಮ್ಯಾಲ ಸೈಟಿನ ಕೆಲಸ ಎಲ್ಲಾ ನಿಂದ. ಮಾರೆಣ್ಣನ ಹತ್ತಿ ಮಿಲ್ಲಿನ ಸೈಟೂ ನಿನಗ."

ಜನ ಚಪ್ಪಾಳೆ ತಟ್ಟಿತು. ಜಂಬುನಾಥನ ಕಾಲು ತಾನಾಗಿ ಮುಂದೆ ಬಂತು. "ಅಪ್ಪಾರ, ಖರೇ ಹೇಳ್ತೀನ್ರಿ. ಅದನ್ನ ಮಾಡಿದ್ದು ನಾನು. ಹೆದರಿ ಅವನ ಹೆಸರು ಹೇಳಿದೆ."

ಬಜಾರಪ್ಪನವರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನಂತರ ತಮ್ಮನ ಕಡೆ ತಿರುಗಿ ನಕ್ಕರು. "ನೋಡು ಮಾರೆಣ್ಣ. ಬೈಗುಳ ಬೀಳೋ ಹೊತ್ತಿಗಿ ಚಂದ್ರಮೋಹನ್ ಮಾಡ್ಯಾನಂತ. ಶಾಲು ಬೀಳೋ ಹೊತ್ತಿಗಿ ಇವ ಮಾಡ್ಯಾನಂತ." ಅಂಗಳವೆಲ್ಲ ನಕ್ಕಿತು. ಎಲ್ಲರಿಗಿಂತ ತಡವಾಗಿ, ಶಾಲು ಸರಿಮಾಡಿಕೊಳ್ಳುತ್ತ, ಚಂದ್ರಮೋಹನನೂ ನಕ್ಕ. ತಾನು ಏನೂ ಮಾಡಿಲ್ಲವೆಂದು ಅವನಿಗೆ ಗೊತ್ತಿತ್ತು, ಆದರೆ ಮಾಡಿದ್ದೇನೆ ಎಂಬ ನಂಬಿಕೆ ಬರತೊಡಗಿತ್ತು.

ಬಜಾರಪ್ಪನವರು ಅವನ ಹೆಗಲ ಮೇಲೆ ಕೈ ಹಾಕಿದರು. "ಇನ್ನೊಂದು ಕೆಲಸ ಐತಿ. ನಮ್ಮ ಬೀಗ ಶಿವಕೃಷ್ಣ, ಪೊಲೀಸ್ ಇನ್ಸ್‌ಪೆಕ್ಟರ್ ಆಗಿ ರಿಟೈರ್ ಆದವ. ಅವನಿಗೂ ಅವನ ಮಕ್ಕಳಿಗೂ ಮಾತಿಲ್ಲ. ಭಾಳ ಸಿಟ್ಟಿನ ಮನಷ್ಯಾ, ಈಗೂ ದಿಂಬಿನ ಕೆಳಗ ಪಿಸ್ತೂಲು ಇಟ್ಕೊಂಡಽ ಮಲಗ್ತಾನ. ಬರೋ ವಾರ ಅವನ್ನೂ ಒಂದು ದಿವಸ ಸಾಯಿಸಬೇಕು."

ಚಂದ್ರಮೋಹನನ ನಗು ಅಲ್ಲೇ ಒಣಗಿತು. ಒಂದು ಗಳಿಗೆ ಶಾಲಿನ ಅಂಚು ತಿರುವಿದ. ಆಮೇಲೆ ಜಂಬುನಾಥನ ಮೊಣಕೈ ಹಿಡಿದು ಮುಂದಕ್ಕೆ ಎಳೆದುಕೊಂಡ.

"ಆಗ್ಲಿರಿ ಅಪ್ಪಾರ. ಜಂಬಣ್ಣ ಇನ್ನ ನನ್ನ ಕೈಕೆಳಗ ಇರ್ತಾನ. ಸೈಟು ನಾ ನೋಡ್ಕೊಂತೀನಿ. ಸಾಯಿಸೋದು ಮಾತ್ರ ಇವನದ."