ಪಟೇಲಿಕೆ ಇಲ್ಲದ ಪಟೇಲ

"ಇವನು ನಮ್ಮಣ್ಣ" ಎನ್ನುವುದು ಚಿಕ್ಕ ಮಾತು. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟ ನನಗೂ ಬರುವಂಥದ್ದು. ಹೇಳಬೇಕಾದ ದಿನ ಹೇಳಲಿಲ್ಲ.

ಆದರೆ ಆ ಅಣ್ಣ ಎಂಥವನೆಂದು ನಿಮಗೂ ಗೊತ್ತಾಗಲಿ. ಯಳಂದೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ನಮ್ಮದು ಪಟೇಲರ ಮನೆ. ತಾತ, ಮುತ್ತಾತ ಕಂದಾಯ ಎತ್ತಿದವರು, ಊರ ಜಗಳ ತೀರಿಸಿದವರು. ಅಣ್ಣ ಹುಟ್ಟುವ ಮೊದಲೇ ಸರ್ಕಾರ ಪಟೇಲಿಕೆಯನ್ನು ರದ್ದು ಮಾಡಿತ್ತು. ಆ ಸುದ್ದಿ ಮಾತ್ರ ಅವನಿಗೆ ತಲುಪಿರಲಿಲ್ಲ!

ಊರಿಗೆ ಸರ್ಕಾರದವರು ಬಂದರೆ ಪಟೇಲ ನಿಂಬೆಹಣ್ಣು ಕೊಟ್ಟು ಎದುರುಗೊಳ್ಳಬೇಕು. ಈಗ ಯಾವ ಸಾಹೇಬರು ಹಳ್ಳಿಗೆ ಬರುತ್ತಾರೆ? ಅಣ್ಣ ಕರೆಂಟಿನ ಮೀಟರ್ ನೋಡುವವನಿಗೇ ಕೊಟ್ಟ. ಅವನು ಬೈಕು ತಿರುಗಿಸಿ ಓಡಿದ. ಮಾಟಕ್ಕೆ ಹೆಸರಾದ ಕೊಳ್ಳೇಗಾಲದ ಸೀಮೆಯಲ್ಲಿ, ಗುರುತಿಲ್ಲದವನು ನಿಂಬೆಹಣ್ಣು ಚಾಚಿದರೆ ಯಾರು ತಾನೇ ಕೈಯೊಡ್ಡುತ್ತಾರೆ?

ಹೊಸಬರು ಕಂಡರೆ ವಿಚಾರಣೆ ಬೇರೆ. ಒಮ್ಮೆ ಹನೂರಿನ ಕಡೆಯವರನ್ನು ಬಸ್‌ಸ್ಟಾಪಿನಲ್ಲೇ ತಡೆದ.

"ಯಾತಕ್ ಬಂದ್ರಿ?"

"ಹೆಣ್ ನೋಡಕ್ಕೆ ಸಾ."

"ಯಾರ್ ಮನೇದು?"

ಹೇಳಿದರು.

"ಆ ಹೆಣ್ಮಗ ಇನ್ನೂ ಓದ್ತಾ ಅವ್ಳೆ. ಓಗ್ಬನ್ನಿ."

ಅದೇ ಬಸ್ಸಿಗೆ ಹತ್ತಿಸಿದ. ಹುಡುಗಿಯ ಅಪ್ಪ ಅಣ್ಣನ ಜೊತೆ ವರ್ಷಗಟ್ಟಲೆ ಮಾತು ಬಿಟ್ಟಿದ್ದ. ಹುಡುಗಿ ಈಗ ನರ್ಸು. ಊರಿನಲ್ಲಿ ನಗದೆ ಅಣ್ಣನನ್ನು "ಪಟೇಲ್ರೇ" ಎನ್ನುವವಳು ಅವಳೊಬ್ಬಳೇ.

ಕೊಳ್ಳೇಗಾಲದಲ್ಲಿ ನಾನೂ ನನ್ನ ಗಂಡನೂ ಕಟ್ಟಿಸಿದ ಮನೆಯ ಗೃಹಪ್ರವೇಶಕ್ಕೂ ಅವನು ಜರಿ ರುಮಾಲು ಸುತ್ತಿ, ಬೆಳ್ಳಿ ಕಟ್ಟಿನ ಕೋಲು ಹಿಡಿದು ಬಂದ. ಬಾಗಿಲಲ್ಲಿ ನಿಂತು, ಬಂದವರನ್ನೆಲ್ಲ ಯಾವೂರು, ಯಾರ ಮಗ ಎಂದು ಕೇಳತೊಡಗಿದ. ನನ್ನ ಗಂಡನ ಆಫೀಸಿನವರು ಕರ್ಚೀಫಿನಲ್ಲಿ ನಗು ಮುಚ್ಚಿಕೊಂಡರು.

"ಯಾರಮ್ಮ ಇವ್ರು, ನಾಟಕದೋರಾ?" ಎಂದು ಒಬ್ಬರು ಕೇಳಿದರು.

"ನಮ್ಮೂರ ಕಡೆಯೋರು" ಎಂದೆ.

ಅಣ್ಣ ಪಕ್ಕದಲ್ಲೇ ಇದ್ದ. ರುಮಾಲು ಬಿಚ್ಚಿ, ಮಡಿಸಿ, ಕಂಕುಳಲ್ಲಿಟ್ಟುಕೊಂಡ. ಕೊನೆಯ ಪಂಕ್ತಿಯಲ್ಲಿ ಅಡುಗೆಯವರ ಜೊತೆ ಉಂಡು ಹೋದ.

ಆಮೇಲೆ ಅತ್ತಿಗೆ ಫೋನು ಮಾಡಿದರು. "ನಿಮ್ಮಣ್ಣ ಈಗ ಯಾರ್ನೂ ಏನೂ ಕೇಳಕಿಲ್ಲ ಕಣವ್ವ. ಸುಮ್ನೆ ಕೂತಿರ್ತದೆ. ಆ ಕಾಟವೇ ಚೆಂದಾಗಿತ್ತು."

ಹೋದ ವಾರ ಊರಿಗೆ ಹೋದೆ. ಅಣ್ಣ ಜಗಲಿಯ ಮೇಲಿದ್ದ. ಎದುರಿನ ಟೀ ಅಂಗಡಿಯಲ್ಲಿ ಊರವರಿದ್ದರು. ತಪ್ಪು ಮಾಡಿದವರು ಜಗಲಿಯ ಕೆಳಗೆ ನಿಂತೇ ಹೇಳಬೇಕೆಂಬುದು ನಮ್ಮ ಮನೆಯ ಪದ್ಧತಿ. ನಾನೂ ಮೆಟ್ಟಿಲು ಹತ್ತಲಿಲ್ಲ.

"ಬಿಸ್ಲಲ್ಲಿ ಯಾಕವ್ವ ನಿಂತ್ಕಂಡೆ? ಒಳಕ್ ಬಾ."

"ಬರಕಿಲ್ಲ. ಒಂದು ನ್ಯಾಯ ಅದೆ."

"ಯಾರ್ ಮ್ಯಾಲೆ?"

"ನನ್ ಮ್ಯಾಲೇ."

ಅಂಗಡಿಯವರೆಲ್ಲ ತಿರುಗಿದರು. ಅಣ್ಣ ನಿಧಾನವಾಗಿ ನೆಟ್ಟಗೆ ಕೂತ. ಎಲ್ಲರಿಗೂ ಕೇಳುವಂತೆ ಹೇಳಿದೆ.

"ನಿನ್ ಬೆನ್ನಿಗ್ ಬಿದ್ದೋಳು ನಾನು. ನಾಕ್ ಜನದ್ ಮುಂದೆ ನಿನ್ನ ಅಣ್ಣ ಅನ್ನಕ್ಕೆ ನಾಚ್ಕಂಡ್ಬುಟ್ಟೆ. ತಪ್ಪಾಯ್ತು ಕಣಣ್ಣ."